ಬಿಳಿ ಮೊಲ ಸಾಕುವ ಮುಂಚೆ

ಹೋದ ವರ್ಷ ಶೇಂಗಾ ಕೀಳುವ ಕಾಲದಲ್ಲಿ ನಮ್ಮ ತರಗತಿಯ ಹುಡುಗನೊಬ್ಬ ಹೊಲದಿಂದ ಮೊಲದ ಮರಿಯನ್ನು ಕಿಸೆಯಲ್ಲಿಟ್ಟುಕೊಂಡು ಶಾಲೆಗೆ ತಂದಿದ್ದು ನಿಮಗೆ ನೆನಪಿರಬೇಕು. ಎಲ್ಲರೂ ಮುಟ್ಟಿದೆವು, ಹತ್ತಿಯಲ್ಲಿ ಅದ್ದಿ ಆಕಳ ಹಾಲು ಕುಡಿಸಿದೆವು. ಮೂರನೇ ದಿನ ಅದು ಸತ್ತುಹೋಯಿತು. "ತಾಯಿ ಬಿಟ್ಟು ಹೋಗಿತ್ತು, ಅದಕ್ಕೇ ತಂದೆ" ಅಂತ ಅವನು ಅಂದ. ತಾಯಿ ಬಿಟ್ಟು ಹೋಗಿರಲಿಲ್ಲ. ಹೊಲದ ಮೊಲ ಮರಿಯನ್ನು ಹುಲ್ಲಿನ ಮರೆಯಲ್ಲಿ ಇಟ್ಟು ತಾನು ದೂರ ಇರುತ್ತದೆ, ಕತ್ತಲಾದ ಮೇಲೆ ಬಂದು ಹಾಲು ಕುಡಿಸಿ ಹೋಗುತ್ತದೆ. ಹಗಲೆಲ್ಲಾ ಹತ್ತಿರವೇ ಕೂತರೆ ನರಿಗೆ, ನಾಯಿಗೆ ಜಾಗ ಗೊತ್ತಾಗುತ್ತದಲ್ಲ! ಅಲ್ಲದೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಈ ಮೊಲವನ್ನು ಹಿಡಿಯುವುದು ಅಪರಾಧ. ಗಿಳಿಗೂ ಇದೇ ಕಾಯ್ದೆ.

ಸಾಕುವ ಆಸೆ ಇದ್ದವರು ಸಾಕುಮೊಲವನ್ನೇ ತರಬೇಕು. ಅದು ಹೊಲದ ಮೊಲದ ತಮ್ಮನಲ್ಲ, ಬೇರೆಯೇ ಜಾತಿ. ಹೊಲದ ಮೊಲ ಬಿಲ ತೋಡುವುದಿಲ್ಲ. ಅದರ ಮರಿಗೆ ಹುಟ್ಟುವಾಗಲೇ ಮೈತುಂಬ ಕೂದಲು ಇರುತ್ತದೆ, ಕಣ್ಣು ತೆರೆದಿರುತ್ತದೆ. ಸಾಕುಮೊಲದ ಮೂಲ ಯುರೋಪಿನ ಸ್ಪೇನ್, ಪೋರ್ಚುಗಲ್ ಕಡೆಯ ಬಿಲ ತೋಡುವ ಮೊಲ. ಅದರ ಮರಿಗಳು ಬರೀ ಮೈಯಲ್ಲಿ, ಕಣ್ಣು ಮುಚ್ಚಿಕೊಂಡೇ ಹುಟ್ಟುತ್ತವೆ. ಸುಮಾರು 10 ದಿನಕ್ಕೆ ಕಣ್ಣು ಬಿಡುತ್ತವೆ. ಹಾಲಿನಂಥ ಬಿಳಿ ಮೈ, ಕೆಂಪು ಕಣ್ಣಿನ 'ನ್ಯೂಜಿಲೆಂಡ್ ವೈಟ್' ಎಂಬ ತಳಿ ನಮ್ಮ ದೇಶದಲ್ಲಿ ಬಹಳ ಕಡೆ ಇದೆ. ಹೆಸರು ನ್ಯೂಜಿಲೆಂಡ್, ತಳಿ ಬೆಳೆಸಿದ್ದು ಅಮೆರಿಕಾದಲ್ಲಿ! ಕಣ್ಣು ಕೆಂಪಗಿದೆ ಅಂತ ಹೆದರಬ್ಯಾಡ್ರಿ, ಅದು ರೋಗವಲ್ಲ.

ಮರಿ ಆರಿಸುವಾಗ ಎರಡು ತಿಂಗಳು ತುಂಬಿದ್ದನ್ನೇ ಕೇಳಿ. ಅದಕ್ಕಿಂತ ಚಿಕ್ಕದು ಮುದ್ದಾಗಿ ಕಾಣುತ್ತದೆ, ಆದರೆ ಬೇಗ ಬೇಧಿ ಹತ್ತಿ ಸಾಯುತ್ತದೆ. ಮೂಗು ಒಣಗಿರಬೇಕು. ಮುಂಗಾಲಿನ ಒಳಬದಿಯ ಕೂದಲು ಅಂಟಂಟಾಗಿದ್ದರೆ ಅದು ನೆಗಡಿಯಾದ ಮೂಗನ್ನು ಒರೆಸಿಕೊಂಡಿದೆ ಅಂತ ತಿಳಿಯಿರಿ (ನಾವು ತೋಳಿಗೆ ಒರೆಸಿಕೊಂಡ ಹಾಗೆ). ಕಿವಿಯೊಳಗೆ ಹೊಪ್ಪಳಿಕೆ ಇದ್ದರೆ ಕಜ್ಜಿ. ಬಾಲದ ಕೆಳಗೆ ಒದ್ದೆ ಇದ್ದರೆ ಬೇಧಿ. ಮೂಲೆಯಲ್ಲಿ ಮುದುಡಿ ಕೂತದ್ದನ್ನು ಕರುಣೆಯಿಂದ ಎತ್ತಿಕೊಳ್ಳಬೇಡಿ, ಓಡಾಡಿ ಮೇಯುವುದನ್ನು ಆರಿಸಿ.

ಈಗ ಮುಖ್ಯ ವಿಷಯ, ಬಿಸಿಲು. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನನ್ನ ಮೊದಲನೇ ಮೊಲದ ಗೂಡನ್ನು ಹಿತ್ತಲ ತಗಡಿನ ಚಪ್ಪರದ ಕೆಳಗೆ ಇಟ್ಟಿದ್ದೆ. ಮೇ ತಿಂಗಳಲ್ಲಿ ಹರಪನಹಳ್ಳಿಗೆ ಮದುವೆಗೆ ಹೋದೆವು. ನೆರಳಿದೆ, ನೀರಿದೆ ಅಂತ ಬಿಟ್ಟು ಹೋದೆ. ಸಂಜೆ ಬಂದು ನೋಡಿದರೆ ಕಾಲು ಚಾಚಿ ಮಲಗಿತ್ತು, ಎಬ್ಬಿಸಿದರೆ ಏಳಲಿಲ್ಲ. ನೀರಿನ ಬಟ್ಟಲು ಮಗುಚಿ ಬಿದ್ದಿತ್ತು. ಅವ್ವ ಬೈಯಲಿಲ್ಲ, ಅದೇ ನನಗೆ ಹೆಚ್ಚು ಅಳು ತರಿಸಿತು.

ಮೊಲಕ್ಕೆ ನಮ್ಮ ಹಾಗೆ ಮೈ ಬೆವರುವುದಿಲ್ಲ. ಮೈಯ ಬಿಸಿ ಹೆಚ್ಚಾಗಿ ಆ ಉದ್ದ ಕಿವಿಗಳ ರಕ್ತನಾಳಗಳಿಂದಲೇ ಹೊರಗೆ ಹೋಗಬೇಕು. ಹೊರಗಿನ ಗಾಳಿಯೇ ಕಾದಿದ್ದರೆ ಹೋಗುವುದೆಲ್ಲಿಗೆ? 30 ಡಿಗ್ರಿ ದಾಟಿದರೆ ಅದಕ್ಕೆ ಕಷ್ಟ, 35 ದಾಟಿದರೆ ಜೀವಕ್ಕೇ ಅಪಾಯ. ಕೂಡ್ಲಿಗಿ, ಕೊಟ್ಟೂರು, ಹಡಗಲಿ ಕಡೆ ಏಪ್ರಿಲ್ ಮೇ ತಿಂಗಳಲ್ಲಿ 40 ಮುಟ್ಟುತ್ತದೆ. ತಗಡಿನ ಕೆಳಗಂತೂ ಒಲೆಯೇ. ಆದ್ದರಿಂದ ಗೂಡು ಬೇವಿನ ಮರದ ಕೆಳಗೆ ಇರಲಿ, ಇಲ್ಲವೇ ಬಿಸಿಲು ಬೀಳದ ಗೋಡೆಯ ಮಗ್ಗುಲಲ್ಲಿರಲಿ. ಬೇಸಿಗೆಯ ಮಧ್ಯಾಹ್ನ ಮಾಳಿಗೆ ಮನೆಯೊಳಗೆ ತಂದುಬಿಡುವುದೇ ಲೇಸು. ಗೂಡಿನ ಮೇಲೆ ಒದ್ದೆ ಗೋಣಿಚೀಲ ಹಾಕಿ, ಗಾಳಿ ಆಡಲು ಒಂದು ಬದಿ ಬಿಡಿ. ನೀರಿಗೆ ಮಗುಚದ ಕಲ್ಲಿನ ಅಥವಾ ಮಣ್ಣಿನ ಪಾತ್ರೆ ಇಡಿ. ಮೊಲ ಏದುಸಿರು ಬಿಡುತ್ತಿದ್ದರೆ, ಕಿವಿ ಕಾದಿದ್ದರೆ, ಒದ್ದೆ ಬಟ್ಟೆಯಿಂದ ಕಿವಿ ಒರೆಸಿ ತಂಪು ಜಾಗಕ್ಕೆ ಒಯ್ಯಿರಿ. ತಣ್ಣೀರಿನಲ್ಲಿ ಮುಳುಗಿಸಬೇಡಿ, ಗಾಬರಿಯಿಂದಲೇ ಸತ್ತೀತು.

ಗೂಡು ಮೂರು ಅಡಿ ಉದ್ದ, ಎರಡು ಅಡಿ ಅಗಲಕ್ಕೆ ಕಡಿಮೆ ಬೇಡ. ಬೆಕ್ಕು, ನಾಯಿ, ಹಾವು ನುಗ್ಗದ ಹಾಗೆ ಸಣ್ಣ ಕಣ್ಣಿನ ಜಾಲರಿ ಹಾಕಿಸಿ. ಕೆಳಗೂ ಜಾಲರಿಯೇ ಇದ್ದರೆ ಕಾಲಿಗೆ ಹುಣ್ಣಾಗುತ್ತದೆ, ಒಂದು ಹಲಗೆ ಇಡಿ. ದಿನಾ ಗುಡಿಸಿ.

ಮೇವಿನ ಬಗ್ಗೆ ನಮ್ಮವರಿಗೆ ತಪ್ಪು ತಿಳುವಳಿಕೆ ಬಹಳ. ಮೊಲ ಅಂದರೆ ಗಜ್ಜರಿ ಅಂತ ಚಿತ್ರದಲ್ಲಿ ನೋಡಿದ್ದೇವೆ. ಗಜ್ಜರಿ ಸಿಹಿ ಪದಾರ್ಥ, ಒಂದು ಚೂರು ಸಾಕು. ಅದಕ್ಕೆ ಬೇಕಾದದ್ದು ಹುಲ್ಲು, ಒಣಹುಲ್ಲು. ಮೊಲದ ಹಲ್ಲು ಸಾಯೋವರೆಗೂ ಬೆಳೆಯುತ್ತಲೇ ಇರುತ್ತದೆ, ಹುಲ್ಲು ಅಗಿದು ಅಗಿದು ಸವೆಯಬೇಕು. ಕುದುರೆ ಮಸಾಲೆ, ಹಲಸಂದೆ ಸೊಪ್ಪು, ಬೂಷ್ಟು ಹಿಡಿಯದ ಒಣ ಶೇಂಗಾ ಬಳ್ಳಿಯನ್ನೂ ಸ್ವಲ್ಪ ಕೊಡಬಹುದು. ಉಳ್ಳಾಗಡ್ಡಿ ಮತ್ತು ಅದರ ಸೊಪ್ಪು, ಟೊಮೇಟೊ ಎಲೆ, ಸುಬಾಬುಲ್ ಸೊಪ್ಪು ಕೊಡಲೇಬಾರದು. ಎಳೆ ಜೋಳದ ಪೈರಿನ ವಿಷ ದನಕ್ಕೇ ತಡೆಯುವುದಿಲ್ಲ, ಮೊಲಕ್ಕೆ ತಡೆದೀತೇ? ರೊಟ್ಟಿ, ಅನ್ನ, ಹಾಲು ಸಹ ಬೇಡ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ, ಕೆಟ್ಟದ್ದು ತಿಂದರೆ ಒಳಗೇ ಉಳಿಯುತ್ತದೆ. ಒಂದು ಹೊತ್ತು ಮೇವು ಮುಟ್ಟದೆ, ಹಿಕ್ಕೆಯನ್ನೂ ಹಾಕದೆ ಇದ್ದರೆ ನಾಳೆ ನೋಡೋಣ ಅನ್ನದೆ ದನದ ದವಾಖಾನೆಗೆ ಒಯ್ಯಿರಿ.

ಇನ್ನೊಂದು ವಿಚಿತ್ರ. ಮೊಲ ತನ್ನ ಮೆತ್ತನೆಯ ಹಿಕ್ಕೆಯನ್ನು ತಾನೇ ತಿನ್ನುತ್ತದೆ. ನನ್ನ ತಂಗಿ ಇದನ್ನು ನೋಡಿ ಒಂದು ದಿನ ಊಟ ಬಿಟ್ಟಿದ್ದಳು! ಅದು ಹೊಲಸು ಬುದ್ಧಿಯಲ್ಲ. ದನ ಮೆಲುಕು ಹಾಕಿದ ಹಾಗೆ, ಮೊದಲ ಸಲ ಸಿಗದ ಸತ್ವ ಎರಡನೇ ಸಲ ಸಿಗುತ್ತದೆ. ತಡೆಯಬಾರದು.

ಕಿವಿ ಹಿಡಿದು ಎತ್ತಬೇಡಿ. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಗಾಲಿನ ಕೆಳಗೆ ಇರಲಿ. ಹಿಂಗಾಲು ಜೋತುಬಿದ್ದು ಒದ್ದಾಡಿದರೆ ಬೆನ್ನುಮೂಳೆ ಮುರಿಯುತ್ತದೆ.

ಜೋಡಿ ತರುವವರು ಸ್ವಲ್ಪ ಲೆಕ್ಕ ಮಾಡಿ. ಗಬ್ಬದ ಕಾಲ 31 ದಿನ, ಒಂದು ಸಲಕ್ಕೆ ಆರೆಂಟು ಮರಿ, ಈದ ಒಂದೆರಡು ದಿನದಲ್ಲೇ ಮತ್ತೆ ಗಬ್ಬ ನಿಲ್ಲಬಹುದು. ಎರಡು ಗಂಡು ತಂದರೆ ಬೆಳೆದ ಮೇಲೆ ಕಚ್ಚಾಡುತ್ತವೆ. ಒಟ್ಟಿಗೆ ಹುಟ್ಟಿದ ಎರಡು ಹೆಣ್ಣು ಸಾಮಾನ್ಯವಾಗಿ ಹೊಂದಿಕೊಳ್ಳುತ್ತವೆ.

ನಮ್ಮ ಮನೆಯಲ್ಲಿ ಈಗ ಎರಡನೇ ಮೊಲ ಇದೆ, ಗಬ್ಬವಾಗಿದೆ. ಮರಿ ಬೇಕಾದವರು ಮಳೆ ಹಿಡಿದ ಮೇಲೆ ಕೇಳಿ. ಗೂಡು ಎಲ್ಲಿ ಇಡುತ್ತೀರಿ ಅಂತ ನೋಡಲು ಮೊದಲು ನಾನೂ ತಂಗಿಯೂ ನಿಮ್ಮ ಮನೆಗೆ ಬರುತ್ತೇವೆ, ಅದೂ ಮಧ್ಯಾಹ್ನ ಎರಡು ಗಂಟೆಗೆ.