ಹಳೆಯ ಗಣಕಯಂತ್ರ ಮತ್ತು ಅವಧಿ ಮೀರಿದ ಆಂಟಿವೈರಸ್: ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ

ಗ್ರಾಮ ಪಂಚಾಯತಿ ಕಾರ್ಯಾಲಯದ ಗಣಕಯಂತ್ರವು ಇಂದು ಕೇವಲ ಪತ್ರ ಬೆರಳಚ್ಚು ಮಾಡುವ ಸಾಧನವಾಗಿ ಉಳಿದಿಲ್ಲ. ಪಂಚತಂತ್ರದಲ್ಲಿ ತೆರಿಗೆಯ ಬೇಡಿಕೆ ಮತ್ತು ವಸೂಲಿ, ಇ-ಸ್ವತ್ತು ತಂತ್ರಾಂಶದಲ್ಲಿ ನಮೂನೆ 9 ಮತ್ತು 11, ಇ-ಗ್ರಾಮಸ್ವರಾಜ್ ಮೂಲಕ ಹಣಕಾಸು ಆಯೋಗದ ಅನುದಾನದ ಪಾವತಿ, ಇವೆಲ್ಲವೂ ಅದೇ ಒಂದೆರಡು ಯಂತ್ರಗಳಿಂದಲೇ ನಡೆಯುತ್ತವೆ. ಆಲಮಟ್ಟಿ ಜಲಾಶಯದ ಹಿನ್ನೀರಿನಿಂದಾಗಿ ಮೂಲ ಊರು ಬಿಟ್ಟು ಪುನರ್ವಸತಿ ಕೇಂದ್ರಗಳಲ್ಲಿ ನೆಲೆಸಿದ ಕುಟುಂಬಗಳಿಗೆ ಮನೆಯ ಉತಾರ ಎಷ್ಟು ಬೆಲೆಯುಳ್ಳದ್ದೆಂಬುದನ್ನು ಈ ಭಾಗದ ಸದಸ್ಯರಿಗೆ ವಿವರಿಸಬೇಕಾಗಿಲ್ಲ. ಅಂತಹ ಉತಾರಕ್ಕೆ ಡಿಜಿಟಲ್ ಸಹಿ ಬೀಳುವ ಯಂತ್ರದ ಪರದೆಯ ಮೂಲೆಯಲ್ಲಿ ತಿಂಗಳುಗಟ್ಟಲೆ ಕೆಂಪು ಗುರುತು ಕಾಣಿಸುತ್ತಿದ್ದರೂ ಅದನ್ನು ಯಾರೂ ಲೆಕ್ಕಿಸದಿರುವುದು ಅನೇಕ ಕಚೇರಿಗಳಲ್ಲಿ ರೂಢಿಯಾಗಿದೆ.

ಆ ಕೆಂಪು ಗುರುತಿನ ಅರ್ಥವೇನೆಂಬುದನ್ನು ಮೊದಲು ತಿಳಿಯಬೇಕು. ಆಂಟಿವೈರಸ್ ತಂತ್ರಾಂಶವು ಮುಖ್ಯವಾಗಿ ಒಂದು ಪಟ್ಟಿಯನ್ನು ಇಟ್ಟುಕೊಂಡು ಕೆಲಸ ಮಾಡುತ್ತದೆ. ಈವರೆಗೆ ಪತ್ತೆಯಾದ ಹಾನಿಕಾರಕ ಕಡತಗಳ ಲಕ್ಷಣಗಳು ಆ ಪಟ್ಟಿಯಲ್ಲಿರುತ್ತವೆ. ಯಂತ್ರದೊಳಗೆ ಬರುವ ಪ್ರತಿ ಕಡತವನ್ನೂ ಅದರೊಂದಿಗೆ ತಾಳೆ ನೋಡಲಾಗುತ್ತದೆ. ಹೊಸ ವೈರಸ್‌ಗಳು ದಿನನಿತ್ಯ ಹುಟ್ಟುವುದರಿಂದ ಪಟ್ಟಿಯೂ ದಿನನಿತ್ಯ ಪರಿಷ್ಕರಣೆಯಾಗಬೇಕು. ಹತ್ತು ವರ್ಷದ ಹಿಂದಿನ ಮತದಾರರ ಪಟ್ಟಿ ಹಿಡಿದು ಮತಗಟ್ಟೆಯಲ್ಲಿ ಕುಳಿತರೆ ಏನಾದೀತೆಂಬುದು ಸದಸ್ಯರೆಲ್ಲರಿಗೂ ಗೊತ್ತು. ಹಳೆಯ ಪಟ್ಟಿಯ ಆಂಟಿವೈರಸ್ ಸುಮ್ಮನೆ ಕುಳಿತಿರುವುದಿಲ್ಲ, ಕೆಲಸ ಮಾಡುತ್ತಲೇ ಇರುತ್ತದೆ; ಆದರೆ ಹೊಸಬರನ್ನು ಗುರುತಿಸಲಾರದು. ರಕ್ಷಣೆ ಇದೆಯೆಂಬ ಭ್ರಮೆಯನ್ನು ಮೂಡಿಸುವುದರಿಂದ ಇದು ಆಂಟಿವೈರಸ್ ಇಲ್ಲದಿರುವುದಕ್ಕಿಂತಲೂ ಅಪಾಯಕರವೆನ್ನಬಹುದು.

ಪರಿಷ್ಕರಣೆ ನಿಲ್ಲಲು ಲೈಸೆನ್ಸ್ ಅವಧಿ ಮುಗಿದಿರುವುದು ಎಲ್ಲರಿಗೂ ತೋಚುವ ಕಾರಣ. ಲೈಸೆನ್ಸ್ ನವೀಕರಿಸಿದ ಮೇಲೂ ಅಪ್‌ಡೇಟ್ ಆಗದಿದ್ದರೆ ಹಣ ವ್ಯರ್ಥವಾಯಿತೆಂದು ಸಭೆಯಲ್ಲಿ ಆಕ್ಷೇಪಣೆ ಬರುವುದುಂಟು. ಅಂತಹ ಪ್ರಕರಣಗಳಲ್ಲಿ ದೋಷವು ಬಹಳ ಸಲ ಆಂಟಿವೈರಸ್‌ನಲ್ಲಿ ಇರುವುದೇ ಇಲ್ಲ, ಯಂತ್ರದ ವಯಸ್ಸಿನಲ್ಲಿರುತ್ತದೆ.

ಇದಕ್ಕೆ ಉತ್ತಮ ಉದಾಹರಣೆ ಮದರ್‌ಬೋರ್ಡ್ ಮೇಲಿರುವ ನಾಣ್ಯದಾಕಾರದ ಸಣ್ಣ ಸೆಲ್. ಕರೆಂಟ್ ಇಲ್ಲದಿರುವಾಗಲೂ ಯಂತ್ರದ ಗಡಿಯಾರವನ್ನು ನಡೆಸುವುದು ಈ ಸೆಲ್. ಕೆಲವು ವರ್ಷಗಳ ನಂತರ ಅದು ಸೋಲುತ್ತದೆ. ಆಗ ಪ್ರತಿ ಬಾರಿ ವಿದ್ಯುತ್ ಹೋಗಿ ಬಂದಾಗ ಗಣಕಯಂತ್ರದ ದಿನಾಂಕವು ಅದು ತಯಾರಾದ ಕಾಲಕ್ಕೆ, ಅಂದರೆ 2009 ಅಥವಾ 2012ಕ್ಕೆ ಹಿಂತಿರುಗುತ್ತದೆ. ಆಂಟಿವೈರಸ್ ಕಂಪನಿಯ ಸರ್ವರ್ ತನ್ನ ಗುರುತಿಗಾಗಿ ನೀಡುವ ಪ್ರಮಾಣಪತ್ರಕ್ಕೆ ಇಂತಹ ದಿನದಿಂದ ಇಂತಹ ದಿನದವರೆಗೆ ಎಂಬ ಅವಧಿ ಇರುತ್ತದೆ. ತಾನಿನ್ನೂ 2009ರಲ್ಲಿದ್ದೇನೆಂದು ನಂಬಿರುವ ಯಂತ್ರವು ಆ ಪ್ರಮಾಣಪತ್ರ ಇನ್ನೂ ಜಾರಿಗೇ ಬಂದಿಲ್ಲವೆಂದು ತಿಳಿದು ಸಂಪರ್ಕವನ್ನು ನಿರಾಕರಿಸುತ್ತದೆ. ಇ-ಸ್ವತ್ತು ಪುಟ ತೆರೆಯದಿರುವುದಕ್ಕೂ ಡಿಜಿಟಲ್ ಸಹಿ ಸ್ವೀಕೃತವಾಗದಿರುವುದಕ್ಕೂ ಇದೇ ಕಾರಣವಾಗಿರಬಹುದು. ನಿರ್ವಾಹಕರು ದಿನವೂ ಬೆಳಿಗ್ಗೆ ದಿನಾಂಕ ಸರಿಪಡಿಸಿ ಕೆಲಸ ಸಾಗಿಸುತ್ತಾರೆ. ಮಧ್ಯಾಹ್ನ ಮತ್ತೆ ಕರೆಂಟ್ ಹೋಗುತ್ತದೆ. ನೂರು ರೂಪಾಯಿಗೂ ಕಡಿಮೆ ಬೆಲೆಯ ಸೆಲ್ ಬದಲಿಸದೆ ಇಡೀ ಯಂತ್ರವನ್ನೇ ಅನುಪಯುಕ್ತವೆಂದು ಠರಾವು ಮಾಡುವುದು ಸರಿಯಾದ ಕ್ರಮವಲ್ಲ.

ಎರಡನೆಯ ಕಾರಣ ಇಷ್ಟು ಸುಲಭದ್ದಲ್ಲ. ವಿಂಡೋಸ್ ಎಕ್ಸ್‌ಪಿಗೆ 8 ಏಪ್ರಿಲ್ 2014ರಂದು, ವಿಂಡೋಸ್ 7ಕ್ಕೆ 14 ಜನವರಿ 2020ರಂದು ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲ ಕೊನೆಗೊಂಡಿತು. ವಿಂಡೋಸ್ 10ರ ಬೆಂಬಲವೂ 14 ಅಕ್ಟೋಬರ್ 2025ರಂದು ಮುಗಿದಿದೆ. ಕಾರ್ಯಾಚರಣ ವ್ಯವಸ್ಥೆಗೇ ಬೆಂಬಲ ನಿಂತ ಮೇಲೆ ಆಂಟಿವೈರಸ್ ಕಂಪನಿಗಳೂ ಕಾಲಕ್ರಮೇಣ ಅದಕ್ಕೆ ಹೊಸ ಆವೃತ್ತಿ ನೀಡುವುದನ್ನು ಬಿಡುತ್ತವೆ. ಜೊತೆಗೆ, ಅಪ್‌ಡೇಟ್ ಕಡತಗಳು ಅಸಲಿಯೆಂದು ಖಚಿತಪಡಿಸುವ ಸಹಿಯ ವಿಧಾನವನ್ನು 2019ರಲ್ಲಿ ಮೈಕ್ರೋಸಾಫ್ಟ್ ಬದಲಿಸಿತು. ಆಗಿನ ತಿದ್ದುಪಡಿಯನ್ನು ಅಳವಡಿಸಿಕೊಳ್ಳದ ವಿಂಡೋಸ್ 7 ಯಂತ್ರಕ್ಕೆ ಹೊಸ ಸಹಿಯನ್ನು ಓದಲು ಬರುವುದಿಲ್ಲ. ಕಡತ ಇಳಿದು ಬಂದರೂ ಅದು ಒಳಗೆ ಬಿಟ್ಟುಕೊಳ್ಳದು. ಡಿಸ್ಕ್ ತುಂಬಿರುವುದು, ಹಳೆಯ ಆಂಟಿವೈರಸ್ ತೆಗೆಯದೆ ಅದರ ಮೇಲೆಯೇ ಇನ್ನೊಂದನ್ನು ಹಾಕಿರುವುದು, ಇಂಟರ್ನೆಟ್ ನಡುನಡುವೆ ಕಡಿಯುವುದು, ಇವೂ ಕಾರಣಗಳೇ. ಲೈಸೆನ್ಸ್ ಹಣ ಉಳಿಸಲು ಕ್ರ್ಯಾಕ್ ಮಾಡಿದ ಆಂಟಿವೈರಸ್ ಹಾಕಿಸುವುದಂತೂ ಕಾವಲಿಗೆ ಕಳ್ಳನನ್ನೇ ನೇಮಿಸಿದಂತೆ.

ಗ್ರಾಮ ಪಂಚಾಯತಿಯ ಯಂತ್ರಕ್ಕೆ ಯಾರು ಕಣ್ಣು ಹಾಕುತ್ತಾರೆಂಬ ಪ್ರಶ್ನೆ ಸಹಜ. 2017ರ ಮೇ 12ರಂದು ವನ್ನಾಕ್ರೈ ಎಂಬ ಒತ್ತೆಹಣದ ವೈರಸ್ ಜಗತ್ತಿನಾದ್ಯಂತ ಹರಡಿತು. ಅದು ಕಡತಗಳಿಗೆ ಬೀಗ ಹಾಕಿ, ಬಿಡಿಸಲು 300 ಡಾಲರ್ ಮೌಲ್ಯದ ಬಿಟ್‌ಕಾಯಿನ್ ಕೇಳುತ್ತಿತ್ತು. ವಾರಾಂತ್ಯದ ರಜೆ ಮುಗಿದು ಮೇ 15ರ ಸೋಮವಾರ ಕಚೇರಿಗಳು ತೆರೆದಾಗ, ನಮ್ಮ ರಾಜ್ಯದ ಗಡಿಗೆ ಹೊಂದಿಕೊಂಡ ಕೇರಳದ ವಯನಾಡು ಜಿಲ್ಲೆಯ ತರಿಯೋಡ್ ಗ್ರಾಮ ಪಂಚಾಯತಿಯ ಗಣಕಯಂತ್ರಗಳಲ್ಲಿ ಆ ಬೇಡಿಕೆ ಕಾಣಿಸಿತು. ಪತ್ತನಂತಿಟ್ಟ ಜಿಲ್ಲೆಯ ಒಂದು ಪಂಚಾಯತಿಯಲ್ಲಿಯೂ ಹಾಗೆಯೇ ಆಯಿತು. ವೈರಸ್‌ಗೆ ಅದು ಪಂಚಾಯತಿಯೋ ಆಸ್ಪತ್ರೆಯೋ ಎಂಬ ಭೇದವಿರಲಿಲ್ಲ; ತೆರೆದಿದ್ದ ಬಾಗಿಲನ್ನು ಮಾತ್ರ ಅದು ಹುಡುಕುತ್ತಿತ್ತು. ಆ ಬಾಗಿಲನ್ನು ಮುಚ್ಚುವ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್ 14ರಂದೇ, ಅಂದರೆ ಸುಮಾರು ಎರಡು ತಿಂಗಳು ಮುಂಚೆ, ತನ್ನ ಬೆಂಬಲದಲ್ಲಿದ್ದ ವಿಂಡೋಸ್ ಆವೃತ್ತಿಗಳಿಗೆ ಪ್ರತ್ಯೇಕ ಶುಲ್ಕವಿಲ್ಲದೆ ನೀಡಿತ್ತು. ಹೀಗಾಗಿ ಆಂಟಿವೈರಸ್ ಅಪ್‌ಡೇಟ್ ಮತ್ತು ವಿಂಡೋಸ್ ಅಪ್‌ಡೇಟ್ ಎರಡೂ ಬೇರೆ ಬೇರೆ, ಎರಡೂ ಬೇಕು.

ಸದಸ್ಯರು ತಂತ್ರಜ್ಞರಾಗಬೇಕಾಗಿಲ್ಲ. ಸಾಮಾನ್ಯ ಸಭೆಗೆ ಬಂದ ದಿನ ಗಣಕಯಂತ್ರದ ಮುಂದೆ ನಿಂತು ಮೂರು ದಿನಾಂಕಗಳನ್ನು ಕೇಳಿದರೆ ಸಾಕು: ಪರದೆಯ ಮೇಲಿನ ಇಂದಿನ ದಿನಾಂಕ ಸರಿಯಿದೆಯೇ, ವೈರಸ್ ಪಟ್ಟಿ ಕೊನೆಯದಾಗಿ ಯಾವಾಗ ಪರಿಷ್ಕರಣೆಯಾಗಿದೆ, ಲೈಸೆನ್ಸ್ ಯಾವಾಗ ಮುಗಿಯುತ್ತದೆ. ಪಟ್ಟಿಯ ದಿನಾಂಕ ಒಂದು ವಾರಕ್ಕಿಂತ ಹಳೆಯದಿದ್ದರೆ ಕಾರಣ ಕೇಳಬಹುದು. ಇಂಟರ್ನೆಟ್ ದುರ್ಬಲವಿರುವ ಕಡೆ, ಹಲವು ಆಂಟಿವೈರಸ್ ಕಂಪನಿಗಳು ತಮ್ಮ ಅಧಿಕೃತ ಜಾಲತಾಣದಲ್ಲಿ ನೀಡುವ ಆಫ್‌ಲೈನ್ ಅಪ್‌ಡೇಟ್ ಕಡತವನ್ನು ಬೇರೆಡೆ ಇಳಿಸಿಕೊಂಡು ಪೆನ್ ಡ್ರೈವ್‌ನಲ್ಲಿ ತರಬಹುದು. ಆ ಪೆನ್ ಡ್ರೈವ್ ಬೇರೆ ಯಾವ ಕೆಲಸಕ್ಕೂ ಬಳಕೆಯಾಗಬಾರದು. ಜೆರಾಕ್ಸ್ ಅಂಗಡಿಗೆ ಹೋಗಿ ಬಂದ ಪೆನ್ ಡ್ರೈವ್ ಕಚೇರಿಗೆ ರೋಗ ತರುವ ಸುಲಭದ ದಾರಿ. ವಿಂಡೋಸ್ 10 ಮತ್ತು 11ರಲ್ಲಿ ಡಿಫೆಂಡರ್ ಎಂಬ ಆಂಟಿವೈರಸ್ ಖರ್ಚಿಲ್ಲದೆ ಒಳಗೇ ಇರುತ್ತದೆಂಬುದನ್ನು ಖರೀದಿಯ ಪ್ರಸ್ತಾವನೆ ಬಂದಾಗ ನೆನಪಿಡಬೇಕು.

ಬೆಂಬಲ ಮುಗಿದ ಯಂತ್ರವನ್ನು ತಕ್ಷಣ ಬದಲಿಸಲು ಅನುದಾನ ಸಾಲದಿದ್ದಲ್ಲಿ, ಪಾವತಿ ಮತ್ತು ಸಹಿಯ ಕೆಲಸವನ್ನಾದರೂ ಹೊಸ ಯಂತ್ರಕ್ಕೆ ವರ್ಗಾಯಿಸಿ, ಹಳೆಯದನ್ನು ಇಂಟರ್ನೆಟ್‌ನಿಂದ ಬೇರ್ಪಡಿಸಿ ಬೆರಳಚ್ಚಿಗೆ ಮಾತ್ರ ಇಟ್ಟುಕೊಳ್ಳುವುದು ಸೂಕ್ತ. ಇ-ಗ್ರಾಮಸ್ವರಾಜ್ ಪಾವತಿಗೆ ಇಬ್ಬರ ಡಿಜಿಟಲ್ ಸಹಿ ಬೇಕೆಂಬ ನಿಯಮವಿರುವುದೇ ಒಬ್ಬರ ಮೇಲೆ ಇನ್ನೊಬ್ಬರ ನಿಗಾ ಇರಲೆಂದು. ಎರಡೂ ಕೀಗಳನ್ನು ದಿನವಿಡೀ ಯಂತ್ರಕ್ಕೆ ಸಿಕ್ಕಿಸಿ, ಪಿನ್ ಸಂಖ್ಯೆಯನ್ನು ಮಾನಿಟರ್‌ಗೆ ಅಂಟಿಸಿಟ್ಟಲ್ಲಿ ಆ ನಿಯಮಕ್ಕೆ ಅರ್ಥ ಉಳಿಯದು. ಠರಾವು, ನಡವಳಿ, ಫಲಾನುಭವಿಗಳ ಪಟ್ಟಿಗಳ ಪ್ರತಿಯನ್ನು ವಾರಕ್ಕೊಮ್ಮೆ ಹೊರಗಿನ ಹಾರ್ಡ್ ಡಿಸ್ಕ್‌ಗೆ ತೆಗೆದು, ಡಿಸ್ಕನ್ನು ಕಳಚಿ ತಿಜೋರಿಯಲ್ಲಿಡಬೇಕು. ಯಂತ್ರಕ್ಕೆ ಜೋಡಿಸಿಯೇ ಬಿಟ್ಟ ಡಿಸ್ಕಿಗೂ ವೈರಸ್ ಬೀಗ ಹಾಕುತ್ತದೆ.

ಇಷ್ಟರ ಮೇಲೂ ಪರದೆಯ ಮೇಲೆ ಹಣ ಕೇಳುವ ಸಂದೇಶ ಬಂದಲ್ಲಿ ಮೊದಲು ನೆಟ್‌ವರ್ಕ್ ಕೇಬಲ್ ಕೀಳಬೇಕು. ಹಣ ಕಟ್ಟಬಾರದು, ಸಾಕ್ಷ್ಯ ಅಳಿಯುವುದರಿಂದ ಯಂತ್ರವನ್ನು ಫಾರ್ಮ್ಯಾಟ್ ಮಾಡಿಸಲೂಬಾರದು. ತಾಲೂಕು ಪಂಚಾಯತ್ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ ಅದೇ ಕ್ಷಣ ತಿಳಿಸಬೇಕು. ಕೇಂದ್ರದ ಸರ್ಟ್-ಇನ್ ಸಂಸ್ಥೆಯು 28 ಏಪ್ರಿಲ್ 2022ರಂದು ಹೊರಡಿಸಿದ ನಿರ್ದೇಶನದಂತೆ ಸರ್ಕಾರಿ ಸಂಸ್ಥೆಗಳು ಇಂತಹ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕಾಗುತ್ತದೆ. ಖಾತೆಯಿಂದ ಹಣ ಹೋಗಿದ್ದರೆ ಬ್ಯಾಂಕಿಗೂ 1930 ಸಹಾಯವಾಣಿಗೂ ಕೂಡಲೇ ಕರೆ ಮಾಡಬೇಕು.