ಚಿಲುಮೆಯ ಬಳಿ ಕಾದು ನಿಂತ ರಾಜ

*ಇಂದಿನ ಧಮ್ಮ ಚಿಂತನೆ*





ನಮ್ಮ ಬಳಗದಲ್ಲಿ ಈಗ ವಿನಯ ಪಿಟಕದ ಪಾಚಿತ್ತಿಯ ನಿಯಮಗಳನ್ನು ಓದುತ್ತಿದ್ದೇವೆ. ಇಂದು 57ನೆಯ ನಿಯಮ. ಕಾರಣವಿಲ್ಲದೆ ಭಿಕ್ಖು ಹದಿನೈದು ದಿನಕ್ಕೊಂದು ಸಲಕ್ಕಿಂತ ಹೆಚ್ಚಾಗಿ ಸ್ನಾನ ಮಾಡಿದರೆ ಅದು ದೋಷ ಎನ್ನುತ್ತದೆ ಇದು. ನಿನ್ನೆ ಗುಂಪಿನಲ್ಲಿ ಒಬ್ಬರು, "ಇದೇನು ನಿಯಮ? ಸ್ನಾನ ಮಾಡಬೇಡಿ ಅಂತ ಬುದ್ಧರು ಹೇಳುತ್ತಾರಾ?" ಎಂದು ಕೇಳಿದ್ದರು. ಒಳ್ಳೆಯ ಪ್ರಶ್ನೆ. ಈ ನಿಯಮ ಹುಟ್ಟಿದ್ದು ಒಂದು ಚಿಲುಮೆಯ ಬಳಿ. ಕಳೆದ ಚಳಿಗಾಲದಲ್ಲಿ ಆ ಚಿಲುಮೆಯನ್ನು ನೋಡಿ ಬಂದಿದ್ದೇನೆ. ಆದ್ದರಿಂದ ಮೊದಲು ಸ್ಥಳದ ಪರಿಚಯ, ಆಮೇಲೆ ನಿಯಮ.

*ಸ್ಥಳ*

ಬಿಹಾರದ ನಳಂದ ಜಿಲ್ಲೆಯಲ್ಲಿರುವ ರಾಜಗಿರ್ ಎಂಬ ಊರೇ ನಮ್ಮ ಸುತ್ತಗಳಲ್ಲಿ ಮತ್ತೆ ಮತ್ತೆ ಬರುವ ರಾಜಗಹ. ಮಗಧದ ಹಳೆಯ ರಾಜಧಾನಿ. ಸುತ್ತಲೂ ಐದು ಬೆಟ್ಟ, ನಡುವೆ ಕಾಡು. ನಮ್ಮ ಮಲೆನಾಡಿನ ಹಾಗೆ ದಟ್ಟವಾದ ಹಸಿರು ಕಾಡಲ್ಲ. ಬೇಸಿಗೆಯಲ್ಲಿ ಸುಡುವ, ಚಳಿಗಾಲದಲ್ಲಿ ಮಂಜು ಕವಿಯುವ ಉಪೋಷ್ಣವಲಯದ ಎಲೆ ಉದುರುವ ಕಾಡು. ಬಿದಿರು, ಕುರುಚಲು, ನಡುನಡುವೆ ಬೋಳು ಬಂಡೆ. ನಾವು ಹೋದ ದಿನ ಬೆಳಿಗ್ಗೆ ಸ್ವೆಟರ್ ಮೇಲೆ ಶಾಲು ಹೊದ್ದರೂ ಹಲ್ಲು ಕಟಕಟ ಎನ್ನುತ್ತಿತ್ತು.

ಆ ಚಳಿಯಲ್ಲಿ ವೈಭಾರ ಬೆಟ್ಟದ ಬುಡದಿಂದ ಹಬೆ ಏಳುತ್ತಿತ್ತು. ಬಂಡೆಯೊಳಗಿನಿಂದ ಬಿಸಿನೀರು ಬರುತ್ತದೆ. ಈಗ ಅದನ್ನು ಕಲ್ಲಿನ ಕೊಳವೆಗಳಿಗೆ ತಿರುಗಿಸಿ, ಕುಂಡಗಳನ್ನು ಕಟ್ಟಿದ್ದಾರೆ. ಅತಿ ಬಿಸಿಯಾದದ್ದಕ್ಕೆ ಬ್ರಹ್ಮಕುಂಡ ಎಂದು ಹೆಸರು. ನೀರು ಸುಮಾರು 45 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಪಾಳಿಯಲ್ಲಿ ಇದಕ್ಕಿದ್ದ ಹೆಸರು ತಪೋದಾ. ಕನ್ನಡ ಮೇಡಮ್ ಆಗಿ ಒಂದು ಮಾತು ಹೇಳಬೇಕು. 'ತಪ' ಎಂದರೆ ಕಾವು, 'ಉದ' ಎಂದರೆ ನೀರು. ಅಂದರೆ ಬರೀ 'ಬಿಸಿನೀರು'. ಆ ಹೆಸರಿನಲ್ಲಿ ದೇವರೂ ಇಲ್ಲ, ಒಡೆಯನೂ ಇಲ್ಲ. ನಮ್ಮ ಕನ್ನಡದ ಒರತೆ, ಊಟೆ, ಬುಗ್ಗೆ, ಚಿಲುಮೆ ಎಂಬ ಮಾತುಗಳೂ ಹೀಗೆಯೇ. ನೀರು ಹೇಗೆ ಬರುತ್ತದೆ ಎಂದು ಹೇಳುತ್ತವೆ, ಯಾರದು ಎಂದು ಹೇಳುವುದಿಲ್ಲ.

*ನೀರು ಬಿಸಿಯಾಗಿದ್ದೇಕೆ?*

ಹತ್ತಿರದಲ್ಲೆಲ್ಲೂ ಜ್ವಾಲಾಮುಖಿ ಇಲ್ಲ. ಬೆಟ್ಟದ ಮೇಲೆ ಬಿದ್ದ ಮಳೆ ಬಂಡೆಯ ಬಿರುಕುಗಳಲ್ಲಿ ಇಳಿಯುತ್ತದೆ. ಭೂಮಿಯೊಳಗೆ ಒಂದು ಕಿಲೋಮೀಟರ್ ಇಳಿದರೆ ಸಾಮಾನ್ಯವಾಗಿ 25ರಿಂದ 30 ಡಿಗ್ರಿ ಕಾವು ಹೆಚ್ಚುತ್ತದೆ. ಆಳಕ್ಕೆ ಹೋದ ನೀರು ಕಾದು, ಇನ್ನೊಂದು ಬಿರುಕಿನ ದಾರಿ ಹಿಡಿದು ಮೇಲೆ ಬರುತ್ತದೆ. ಮಳೆ, ಬಿರುಕು, ಆಳ, ಕಾವು: ಇವು ಇದ್ದರೆ ಬಿಸಿನೀರಿನ ಚಿಲುಮೆ ಇದೆ, ಇಲ್ಲದಿದ್ದರೆ ಇಲ್ಲ. ಪಟಿಚ್ಚಸಮುಪ್ಪಾದವನ್ನು ಮಕ್ಕಳಿಗೆ ಹೇಳಿಕೊಡಲು ಇದಕ್ಕಿಂತ ಸರಳ ಉದಾಹರಣೆ ನನಗೆ ಸಿಕ್ಕಿಲ್ಲ. ಯಾರ ಶಾಪವೂ ಅಲ್ಲ, ಯಾರ ವರವೂ ಅಲ್ಲ.

ಅದೇ ಊರಿನ ಇನ್ನೊಂದು ಬೆಟ್ಟದ ಬುಡದಲ್ಲಿ ಮಖ್ದೂಮ್ ಕುಂಡ ಇದೆ. ಸೂಫಿ ಸಂತ ಮಖ್ದೂಮ್ ಶರ್ಫುದ್ದೀನರ ನೆನಪಿನ ಜಾಗ, ಮುಸ್ಲಿಮರು ಹೆಚ್ಚಾಗಿ ಹೋಗುತ್ತಾರೆ. ಮೇಲೆ ಬಂದ ಮೇಲೆ ಒಂದು ಇವರದು, ಇನ್ನೊಂದು ಅವರದು. ಬೆಟ್ಟದ ಮೇಲೆ ಸುರಿಯುವ ಮಳೆಗೆ ಈ ಪಾಲು ಗೊತ್ತಿಲ್ಲ.

*ಒಂದು ಬಾಟಲಿ*

ನಮ್ಮ ತಂಡದಲ್ಲಿ ಎಪ್ಪತ್ತು ದಾಟಿದ ಒಬ್ಬ ಅಮ್ಮ ಇದ್ದರು. ಮಂಡಿನೋವು. ಬಿಸಿನೀರಿನಲ್ಲಿ ಕಾಲು ತೊಳೆದುಕೊಂಡು, ಆಮೇಲೆ ಲೀಟರ್ ಬಾಟಲಿಗೆ ನೀರು ಹಿಡಿಯತೊಡಗಿದರು. ತಂಡದ ಒಬ್ಬ ಹುಡುಗ, "ಅಜ್ಜಿ, ದೀಕ್ಷೆ ತಗೊಂಡ್ಮೇಲೂ ತೀರ್ಥ ತುಂಬ್ಕೊಂಡು ಹೋಗ್ತೀರಾ?" ಎಂದು ಕೇಳಿದ. ಅವನ ಮಾತಿನಲ್ಲಿ ನ್ಯಾಯವಿತ್ತು. ಅಜ್ಜಿಯ ಉತ್ತರದಲ್ಲಿ ಅದಕ್ಕಿಂತ ದೊಡ್ಡದು ಇತ್ತು.

"ತೀರ್ಥ ಅಲ್ಲ ಕಣ್ ಮಗಾ. ನಮ್ಮೂರ ಬಾವೀಲಿ ನಾನು ಹಗ್ಗ ಮುಟ್ಟಂಗಿರ್ನಿಲ್ಲ. ಕೊಡ ಮಡಗ್ಬುಟ್ಟು ಅತ್ತಾಗಿ ಕುಂತಿರ್ಬೇಕು. ಯಾರಾರ ಮನ್ಸು ಬಂದು ಹುಯ್ದ್ರೆ ಉಂಟು, ಇಲ್ದಿದ್ರೆ ಮಧ್ಯಾಹ್ನದ ಗಂಟ ಬಿಸ್ಲಲ್ಲೇ ಕಾಯದು. ಇಲ್ಲಿ ಇಷ್ಟೊಂದು ಜನ ಅವ್ರೆ, ನೀನ್ಯಾರು ಅಂತ ಒಬ್ರೂ ಕೇಳ್ನಿಲ್ಲ. ನಾನೇ ಕೈಯೊಡ್ಡಿ ಹಿಡ್ದ ನೀರು ಇದು. ಮೊಮ್ಮಗಳಿಗೆ ತೋರಿಸ್ಬೇಕು."

ಹುಡುಗ ಮಾತಾಡಲಿಲ್ಲ. ಬಾಟಲಿಯನ್ನು ತಾನೇ ಹಿಡಿದು ತುಂಬಿಸಿ, ಮುಚ್ಚಳ ಬಿಗಿದು ಕೊಟ್ಟ.

ಬಂಧುಗಳೇ, 'ಕಾಯದು' ಎಂಬ ಆ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ. ಈಗ ನಿಯಮಕ್ಕೆ ಬರೋಣ.

*ನಿಯಮ ಹುಟ್ಟಿದ ಕಥೆ*

ಬುದ್ಧರು ವೇಳುವನದಲ್ಲಿದ್ದ ಸಮಯ. ಅದು ಬಿಂಬಿಸಾರ ಸಂಘಕ್ಕೆ ಕೊಟ್ಟ ಬಿದಿರಿನ ತೋಪು, ಚಿಲುಮೆಗೆ ಬಹಳ ಹತ್ತಿರ. ಭಿಕ್ಖುಗಳು ತಪೋದಾದಲ್ಲಿ ಸ್ನಾನ ಮಾಡುತ್ತಿದ್ದರು. ತಲೆ ತೊಳೆದುಕೊಳ್ಳಲೆಂದು ರಾಜ ಬಿಂಬಿಸಾರನೂ ಅಲ್ಲಿಗೆ ಬಂದ. ಭಿಕ್ಖುಗಳನ್ನು ನೋಡಿ, ಅವರದು ಮುಗಿಯಲಿ ಎಂದು ಗೌರವದಿಂದ ಒಂದು ಕಡೆ ನಿಂತ. ಭಿಕ್ಖುಗಳು ರಾಜನನ್ನು ಕಂಡರೂ ನೀರು ಬಿಟ್ಟು ಏಳಲಿಲ್ಲ. ಕತ್ತಲಾಯಿತು. ರಾಜ ಹೊತ್ತಲ್ಲದ ಹೊತ್ತಿನಲ್ಲಿ ಸ್ನಾನ ಮಾಡಿ ಹೊರಡುವಷ್ಟರಲ್ಲಿ ನಗರದ ಬಾಗಿಲು ಮುಚ್ಚಿತ್ತು. ಆ ರಾತ್ರಿ ಅವನು ಊರ ಹೊರಗೇ ಕಳೆದ. ಬೆಳಗ್ಗೆ ನೇರವಾಗಿ ಬುದ್ಧರ ಬಳಿ ಬಂದ. ಇಷ್ಟು ಬೇಗ ಬಂದದ್ದೇಕೆ ಎಂದು ಬುದ್ಧರು ಕೇಳಿದಾಗ ನಡೆದದ್ದನ್ನು ಹೇಳಿದ.

ಬುದ್ಧರು ಭಿಕ್ಖುಗಳನ್ನು ಕರೆದು ಗದರಿದರು. ಹಿಂದೆ ಒಬ್ಬರು ಕಾಯುತ್ತಿರುವುದನ್ನು ಕಂಡೂ ಮಿತಿಯಿಲ್ಲದೆ ಸ್ನಾನ ಮಾಡಿದ್ದು ಅವರ ದೋಷ. ಹಾಗೆ ಈ ನಿಯಮ ಬಂತು. ಆಮೇಲೆ ಬೇಸಿಗೆಯ ಬೇಗೆ, ಕಾಯಿಲೆ, ಮೈಮುರಿಯುವ ಕೆಲಸ, ಪ್ರಯಾಣ, ಗಾಳಿಮಳೆ ಎಂದು ಒಂದೊಂದಾಗಿ ವಿನಾಯಿತಿ ಸೇರಿದವು. ಮಧ್ಯದೇಶದಿಂದ ಹೊರಗೆ, ದೂರದ ಅವಂತಿಯಂಥ ಸೀಮೆಯಲ್ಲಿ ಪದೇ ಪದೇ ಸ್ನಾನ ಮಾಡಲು ಅನುಮತಿಯೂ ಸಿಕ್ಕಿತು. ಹಾಗಾಗಿ ನಿನ್ನೆಯ ಪ್ರಶ್ನೆಗೆ ಉತ್ತರ: ಇದು ಸ್ನಾನದ ವಿರುದ್ಧದ ನಿಯಮವಲ್ಲ. ಹಿಂದೆ ನಿಂತವರನ್ನು ಮರೆಯುವುದರ ವಿರುದ್ಧದ ನಿಯಮ. ಕಾರಣಕ್ಕಾಗಿ ಹುಟ್ಟಿತು, ಕಾರಣಕ್ಕೆ ತಕ್ಕಂತೆ ಬದಲಾಯಿತು.

*ಎರಡು ಕಾಯುವಿಕೆ*

ಅಜ್ಜಿಯೂ ಕಾದರು, ಬಿಂಬಿಸಾರನೂ ಕಾದ. ಎರಡೂ ಒಂದೇ ಅಲ್ಲ.

ಅಜ್ಜಿ ಕಾದದ್ದು ಕಾಯದೆ ಬೇರೆ ದಾರಿ ಇಲ್ಲದ್ದರಿಂದ. ಹುಟ್ಟು ಅವರನ್ನು ಬಾವಿಯಿಂದ ಆಚೆ ಕೂರಿಸಿತ್ತು. ಬಿಂಬಿಸಾರ ಕಾದದ್ದು ತನ್ನ ಇಷ್ಟದಿಂದ. ಅವನು ಗದರಿದ್ದರೆ ಕುಂಡ ಖಾಲಿಯಾಗುತ್ತಿತ್ತು. ಆದರೂ ನಿಂತ. ಯಾರ ಹಿಂದೆ? ಸಂಘದ ಹಿಂದೆ. ಆ ಸಂಘದಲ್ಲಿ ಯಾರಿದ್ದರು ಎಂದು ನೆನಪಿಸಿಕೊಳ್ಳಿ. ಇದೇ ರಾಜಗಹದಲ್ಲಿ ಬಾಡಿದ ಹೂವು ಬಳಿಯುತ್ತಿದ್ದ ಸುನೀತ ಸಂಘ ಸೇರಿದ್ದು. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಅವನನ್ನೂ ಕ್ಷೌರಿಕ ಉಪಾಲಿಯನ್ನೂ ವಿಶೇಷವಾಗಿ ನೆನೆದಿದ್ದಾರೆ. ಶಾಕ್ಯ ರಾಜಕುಮಾರರು ತಮಗಿಂತ ಮೊದಲು ಉಪಾಲಿಗೆ ದೀಕ್ಷೆ ಕೊಡಿ, ನಾವು ಅವನಿಗೆ ನಮಸ್ಕರಿಸುವಂತಾಗಲಿ, ನಮ್ಮ ಸೊಕ್ಕು ಮುರಿಯಲಿ ಎಂದು ಕೇಳಿಕೊಂಡದ್ದು ನಿಮಗೆ ಗೊತ್ತು. ಚಿಲುಮೆಯ ಪಕ್ಕದಿಂದಲೇ ವೈಭಾರ ಬೆಟ್ಟಕ್ಕೆ ಮೆಟ್ಟಿಲು ಹತ್ತುತ್ತದೆ. ಮೇಲೆ ಸಪ್ತಪರ್ಣಿ ಗುಹೆ ಇದೆ, ಮೊದಲ ಸಂಗೀತಿ ನಡೆದ ಜಾಗ. ಅಲ್ಲಿ ಐನೂರು ಭಿಕ್ಖುಗಳ ನಡುವೆ ಮಹಾಕಸ್ಸಪರು ಕೇಳಿದ ಪ್ರಶ್ನೆಗಳಿಗೆ ಉತ್ತರಿಸಿ ವಿನಯವನ್ನು ಹೇಳಿದವನು ಉಪಾಲಿ. ಕತ್ತರಿ ಹಿಡಿದ ಕೈಯವನೇ ಸಂಘದ ಕಾನೂನಿಗೆ ಆಧಾರವಾದ.

ಆದರೆ ಬುದ್ಧರು ಅಲ್ಲಿಗೆ ನಿಲ್ಲಿಸಲಿಲ್ಲ. 'ರಾಜನನ್ನೇ ಕಾಯಿಸಿದೆವು' ಎಂದು ಸಂಘ ಬೀಗಲು ಬಿಡಲಿಲ್ಲ. ನಿನ್ನೆ ಹಿಂದೆ ನಿಂತಿದ್ದವನು ಇಂದು ಮುಂದೆ ಬಂದರೆ ಅವನಿಗೂ ಒಂದು ಹೊಣೆ ಇದೆ ಎಂದರು. ನನಗೆ ಈ ನಿಯಮದ ಹೃದಯ ಇದೇ ಎನಿಸುತ್ತದೆ.

*ನೀರು ತೊಳೆಯುವುದು ಯಾವುದನ್ನು?*

ಥೇರಿಯರಲ್ಲಿ ಪುಣ್ಣಿಕಾ ನೀರು ಹೊರುವ ದಾಸಿ. ಒಡತಿಯ ಹೊಡೆತಕ್ಕೆ ಹೆದರಿ ಕೊರೆಯುವ ಚಳಿಯಲ್ಲೂ ನೀರಿಗಿಳಿಯುತ್ತಿದ್ದವಳು. ಪಾಪ ತೊಳೆಯಲೆಂದು ನಡುಗುತ್ತಾ ಮುಳುಗುತ್ತಿದ್ದ ಬ್ರಾಹ್ಮಣನನ್ನು ಅವಳು ಕೇಳಿದ್ದು ಸರಳ ಪ್ರಶ್ನೆ: ನೀರಿನಿಂದ ಶುದ್ಧಿಯಾಗುವುದಾದರೆ ಕಪ್ಪೆ, ಆಮೆಗಳಿಗೆಲ್ಲ ಮೊದಲು ಸ್ವರ್ಗ ಸಿಗಬೇಕಲ್ಲವೇ? ಪಾಪ ಕೊಚ್ಚಿಹೋದರೆ ಪುಣ್ಯವೂ ಕೊಚ್ಚಿಹೋಗಬೇಕಲ್ಲವೇ? ಬ್ರಾಹ್ಮಣನಿಗೆ ಉತ್ತರವಿರಲಿಲ್ಲ.

ಬಿಸಿನೀರು ಮಂಡಿನೋವಿಗೆ ಸ್ವಲ್ಪ ಹಿತ ಕೊಡುತ್ತದೆ, ಅದು ಕಾವಿನ ಗುಣ. ಮೈಯ ಕೊಳೆ ತೆಗೆಯುತ್ತದೆ, ಅದು ನೀರಿನ ಗುಣ. ಅದರಾಚೆಗೆ ನೀರು ಯಾರನ್ನೂ ಪವಿತ್ರ ಮಾಡುವುದಿಲ್ಲ. ಯಾರು ಮುಟ್ಟಿದರೂ ಮೈಲಿಗೆಯೂ ಆಗುವುದಿಲ್ಲ. ಮೊದಲನೆಯದನ್ನು ನಂಬಿದ ಸಮಾಜವೇ ಎರಡನೆಯದನ್ನೂ ನಂಬಿತು. ತೀರ್ಥ ಮತ್ತು ಮೈಲಿಗೆ ಒಂದೇ ಬೇರಿನ ಎರಡು ಕೊಂಬೆ.

ಮಹಾಡ್‌ನಲ್ಲಿ ಆದದ್ದೂ ಇದೇ. 1923ರಲ್ಲಿ ಬಾಂಬೆ ಶಾಸನ ಪರಿಷತ್ತು ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ಎಂದು ನಿರ್ಣಯ ಮಾಡಿತು. ಮಹಾಡ್ ಪುರಸಭೆಯೂ ಒಪ್ಪಿತು. ಕಾಗದದಲ್ಲಿ ಚವದಾರ್ ಕೆರೆ ತೆರೆದಿತ್ತು, ನೆಲದ ಮೇಲೆ ಮುಚ್ಚಿತ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದು ಹೋಗಿ ಆ ನೀರನ್ನು ಕುಡಿದರು. ನಮ್ಮವರ ಮೇಲೆ ಹಲ್ಲೆ ಆಯಿತು. ಕೆರೆಗೆ ಪಂಚಗವ್ಯ ಸುರಿದು 'ಶುದ್ಧಿ' ಮಾಡಿದರು. ಈ ನೀರು ಕುಡಿದು ನಾವೇನೂ ಅಮರರಾಗುವುದಿಲ್ಲ, ನಾವೂ ಮನುಷ್ಯರೆಂದು ಸ್ಥಾಪಿಸಲು ಹೋಗುತ್ತಿದ್ದೇವೆ ಎಂಬುದು ಬಾಬಾಸಾಹೇಬರ ನಿಲುವಾಗಿತ್ತು. ಹತ್ತು ವರ್ಷ ಕೋರ್ಟಿನಲ್ಲಿ ಹೋರಾಡಿ, 1937ರ ಮಾರ್ಚ್ 17ರಂದು ಬಾಂಬೆ ಹೈಕೋರ್ಟಿನಲ್ಲಿ ಗೆದ್ದರು. ಮುಂದೆ ಸಂವಿಧಾನದ 15ನೇ ವಿಧಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟ ಎಂಬ ಪದಗಳೇ ಬಂದು ಕೂತವು. ಅಜ್ಜಿಯ ಬಾಟಲಿಯೂ ಅದೇ ದಾರಿಯಲ್ಲಿ ಬಂದದ್ದು. ಅದು ತೀರ್ಥವಲ್ಲ, ಸಾಕ್ಷಿ.

*ನಮ್ಮ ಪಾಲಿನ ಪ್ರಶ್ನೆ*

ಈಗ ನಮ್ಮಲ್ಲಿ ಹಲವರ ಮನೆಗೆ ನಲ್ಲಿ ಬಂದಿದೆ. ಕೆಲವರ ಮನೆಯಲ್ಲಿ ಬೋರ್‌ವೆಲ್ ಇದೆ. ಇನ್ನೂ ಎಷ್ಟೋ ಹಳ್ಳಿಗಳಲ್ಲಿ ನಮ್ಮವರು ಹೊರಗೆ ನಿಲ್ಲುತ್ತಿದ್ದಾರೆ, ಆ ಹೋರಾಟ ಮುಗಿದಿಲ್ಲ. ಆದರೆ ನೀರಿನ ಬಳಿಗೆ ತಲುಪಿದ ನಮ್ಮಂಥವರಿಗೆ 57ನೆಯ ನಿಯಮ ಕೇಳುವ ಪ್ರಶ್ನೆ ಬೇರೆ: ನನ್ನ ಹಿಂದೆ ಯಾರು ನಿಂತಿದ್ದಾರೆ?

ಮನೆಗೆ ಕೆಲಸಕ್ಕೆ ಬರುವ ಹೆಂಗಸಿಗೆ ನಾವು ಕುಡಿಯುವ ಲೋಟವೇ ಸಿಗುತ್ತದೆಯೇ? ಬೀದಿ ಗುಡಿಸುವ ಪೌರಕಾರ್ಮಿಕರು ಗೇಟಿನ ಬಳಿ ನೀರು ಕೇಳಿದರೆ ಒಳಗೆ ಕರೆಯುತ್ತೇವೆಯೇ? ವಿಹಾರದ ಊಟದ ದಿನ ಸೊಸೆಯರು ಎಲ್ಲರದು ಮುಗಿದ ಮೇಲೆ ಉಳಿದದ್ದನ್ನು ತಿನ್ನುತ್ತಾರೆಯೇ? ಇನ್ನೊಂದು ಕಹಿ ಪ್ರಶ್ನೆ ಇದೆ, ಕೇಳದೆ ಬಿಡಲಾರೆ. ಎಡ, ಬಲ ಎಂದು ನಮ್ಮಲ್ಲೇ ಇರುವ ಗೆರೆಯನ್ನು ದೀಕ್ಷೆಯ ನಂತರ ಅಳಿಸಿದ್ದೇವೆಯೇ? ಪಕ್ಕದ ಕೇರಿಯ ಮನೆಯಲ್ಲಿ ಕೂತು ನೀರು ಕುಡಿದು ಎಷ್ಟು ದಿನವಾಯಿತು? ನಮ್ಮನ್ನು ಬಾವಿಯಿಂದ ಆಚೆ ಕೂರಿಸಿದವರ ಬುದ್ಧಿ ನಮ್ಮ ಕೊಡದೊಳಗೆ ಉಳಿದಿದ್ದರೆ, ಮಹಾಡ್‌ನ ನೀರು ನಮಗೆ ಇನ್ನೂ ದಕ್ಕಿಲ್ಲ ಎಂದೇ ಅರ್ಥ.

*ಇಂದಿನ ಅಭ್ಯಾಸ*

1. ಇಂದು ನೀರು ಬಳಸುವಾಗ ಒಂದು ಸಲವಾದರೂ ನಿಂತು, ನಿಮ್ಮ ನಂತರ ಆ ನೀರು ಯಾರಿಗೆ ಬೇಕು ಎಂದು ನೋಡಿ. ಮನೆಯವರೇ ಆಗಿರಬಹುದು, ಪಕ್ಕದ ಮನೆಯವರಾಗಿರಬಹುದು, ದನಕರುವಾಗಿರಬಹುದು.

2. ಮನೆಗೆ ಬಂದವರಿಗೆ, ಯಾರೇ ಆಗಲಿ, ಕೇಳುವ ಮೊದಲೇ ನೀರು ಕೊಡಿ. ಎಲ್ಲರಿಗೂ ಒಂದೇ ಲೋಟ.

3. ಮನೆಯ ಹಿರಿಯರನ್ನು, "ನಿಮ್ಮ ಕಾಲದಲ್ಲಿ ನೀರು ಎಲ್ಲಿಂದ ತರುತ್ತಿದ್ದಿರಿ?" ಎಂದು ಕೇಳಿ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ಅವರು ಹೇಳಿದ್ದನ್ನು ಬರೆದಿಡಿ.

ಭಾನುವಾರದ ಸಭೆಗೆ ಬರುವಾಗ ಆ ಬರಹವನ್ನು ತನ್ನಿ. ಸುತ್ತ ಪಠಣದ ನಂತರ ಒಬ್ಬೊಬ್ಬರೇ ಓದೋಣ. ನಾಳೆ 58ನೆಯ ನಿಯಮ.

ಭವತು ಸಬ್ಬ ಮಂಗಲಂ.
ಸಾಧು, ಸಾಧು, ಸಾಧು.
ಜೈ ಭೀಮ್.