ಕೈಬದಲಾದ ಗಣಕಯಂತ್ರ ಮತ್ತು ತಂತ್ರಾಂಶದ ಪರವಾನಗಿ

ಭಾರತದ 1957ರ ಕೃತಿಸ್ವಾಮ್ಯ ಅಧಿನಿಯಮವು ‘ಸಾಹಿತ್ಯ ಕೃತಿ’ ಎಂಬುದನ್ನು ವಿವರಿಸುವಾಗ ಗಣಕಯಂತ್ರದ ತಂತ್ರಾಂಶವನ್ನೂ ಅದರೊಳಗೆ ಸೇರಿಸಿದೆ. ಕಾನೂನಿನ ದೃಷ್ಟಿಯಲ್ಲಿ ಕಾದಂಬರಿಯೂ ತಂತ್ರಾಂಶವೂ ಒಂದೇ ಪಂಕ್ತಿಯವು. ಆದರೆ ಕೈಬದಲಾಗುವಾಗ ಎರಡರ ದಾರಿಗಳೂ ಬೇರೆಯಾಗುತ್ತವೆ. ಕೊಂಡ ಪುಸ್ತಕವನ್ನು ಓದುಗನು ಮಾರಬಹುದು, ಗ್ರಂಥಾಲಯಕ್ಕೆ ದಾನ ಮಾಡಬಹುದು, ಪ್ರಕಾಶಕರನ್ನು ಕೇಳಬೇಕಿಲ್ಲ. ತಂತ್ರಾಂಶವನ್ನಾದರೋ ಕಂಪನಿಗಳು ಸಾಮಾನ್ಯವಾಗಿ ಮಾರುವುದಿಲ್ಲ. ಷರತ್ತುಗಳಿಗೆ ಒಳಪಟ್ಟು ಬಳಸುವ ಅನುಮತಿಯನ್ನಷ್ಟೇ ನೀಡುತ್ತವೆ. ಈ ಅನುಮತಿಯೇ ಪರವಾನಗಿ. ಕಚೇರಿಗಳು ಬಳಸಿದ ಕಂಪ್ಯೂಟರುಗಳು ಶಾಲೆಗೋ ವಾಚನಾಲಯಕ್ಕೋ ದಾನವಾಗಿ ಬಂದಾಗ ಯಂತ್ರದ ಒಡೆತನ ದೊರೆಯುತ್ತದೆ. ಪರವಾನಗಿಯೂ ದೊರೆಯಿತೇ ಎಂಬುದು ಬೇರೆಯೇ ಪ್ರಶ್ನೆ.

ವಿಂಡೋಸನ್ನು ಉದಾಹರಣೆಯಾಗಿ ನೋಡಬಹುದು. ಅದರ ಪರವಾನಗಿಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ತಯಾರಕರೇ ಯಂತ್ರದಲ್ಲಿ ಅಳವಡಿಸಿಕೊಡುವ ‘ಓಇಎಂ’ ಪರವಾನಗಿ. ಇದು ಯಂತ್ರ ಹೋದಲ್ಲಿಗೆ ಹೋಗುತ್ತದೆ, ಇನ್ನೊಂದು ಯಂತ್ರಕ್ಕೆ ದಾಟುವುದಿಲ್ಲ. ವಿಂಡೋಸ್ 7ರವರೆಗೆ ಇದರ ಗುರುತು ಯಂತ್ರದ ಹೊರಮೈಗೆ ಅಂಟಿಸಿದ ಚೀಟಿಯಾಗಿತ್ತು. ವಿಂಡೋಸ್ 8ರಿಂದ ಮುಂದೆ ಅದು ಮದರ್‌ಬೋರ್ಡಿನೊಳಗೆ ಸೇರಿತು. ಎರಡನೆಯದು ಅಂಗಡಿಯಲ್ಲಿ ಬಿಡಿಯಾಗಿ ಕೊಳ್ಳುವ ಪರವಾನಗಿ. ಇದನ್ನು ಹಳೆಯ ಯಂತ್ರದಿಂದ ತೆಗೆದು ಹೊಸದಕ್ಕೆ ಹಾಕಬಹುದು. ಮೂರನೆಯದು ಸಂಸ್ಥೆಯೊಂದು ನೂರಾರು ಯಂತ್ರಗಳಿಗೆ ಒಟ್ಟಾಗಿ ಪಡೆಯುವ ‘ವಾಲ್ಯೂಮ್’ ಪರವಾನಗಿ. ಯಂತ್ರವನ್ನು ದಾನವಿತ್ತರೂ ಇದು ಸಂಸ್ಥೆಯಲ್ಲೇ ಉಳಿಯುತ್ತದೆ. ತೊಡಕು ಹುಟ್ಟುವುದು ಇಲ್ಲಿಯೇ. ದಾನವಾಗಿ ಬಂದ ಯಂತ್ರದಲ್ಲಿ ತಂತ್ರಾಂಶ ಎಂದಿನಂತೆ ಕೆಲಸ ಮಾಡುತ್ತಿರಬಹುದು. ಆದರೆ ಅದನ್ನು ಬಳಸುವ ಹಕ್ಕು ಪಡೆದವರಿಗೆ ಇರುವುದಿಲ್ಲ.

ಈ ಭೇದವನ್ನು ಕಡೆಗಣಿಸಿದರೆ ಏನಾಗಬಹುದು ಎಂಬುದಕ್ಕೆ ಅಮೆರಿಕದ ಎರಿಕ್ ಲಂಡ್‌ಗ್ರೆನ್ ಪ್ರಕರಣ ಸಾಕ್ಷಿ. ಇ-ತ್ಯಾಜ್ಯದ ಮರುಬಳಕೆಯಲ್ಲಿ ಹೆಸರಾಗಿದ್ದ ಅವರು ಹಳೆಯ ಕಂಪ್ಯೂಟರುಗಳಿಗೆ ವಿಂಡೋಸನ್ನು ಮರಳಿ ಹಾಕುವ ಸುಮಾರು 28,000 ಡಿಸ್ಕುಗಳನ್ನು, ಡೆಲ್ ಕಂಪನಿಯ ಗುರುತಿನೊಂದಿಗೆ, ಚೀನಾದಲ್ಲಿ ಮಾಡಿಸಿದರು. ಪರವಾನಗಿಯಿಲ್ಲದೆ ಆ ಡಿಸ್ಕಿಗೆ ಬೆಲೆಯೇ ಇಲ್ಲ ಎಂಬುದು ಅವರ ವಾದ. 2018ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನೊಪ್ಪದೆ 15 ತಿಂಗಳ ಸೆರೆವಾಸವನ್ನು ಎತ್ತಿಹಿಡಿಯಿತು. ಯುರೋಪಿನ ನ್ಯಾಯಾಲಯದ ನೋಟ ತುಸು ಭಿನ್ನ: ಶಾಶ್ವತ ಬಳಕೆಗೆ ಹಣ ಕೊಟ್ಟು ಪಡೆದ ಪರವಾನಗಿಯನ್ನು, ತನ್ನ ಪ್ರತಿಯನ್ನು ಅಳಿಸಿದ ಮೇಲೆ, ಮರುಮಾರಬಹುದೆಂದು ಅದು 2012ರಲ್ಲಿ ತೀರ್ಪಿತ್ತಿತು. ಭಾರತದಲ್ಲಿ, ಅಕ್ರಮ ಪ್ರತಿಯೆಂದು ತಿಳಿದೂ ತಂತ್ರಾಂಶವನ್ನು ಬಳಸಿದವರಿಗೆ ಅಧಿನಿಯಮದ 63-ಬಿ ಪ್ರಕರಣವು 7 ದಿನಗಳಿಂದ 3 ವರ್ಷಗಳವರೆಗಿನ ಸೆರೆವಾಸವನ್ನೂ 50,000 ರೂ.ಗಳಿಂದ 2 ಲಕ್ಷ ರೂ.ಗಳವರೆಗಿನ ದಂಡವನ್ನೂ ವಿಧಿಸುತ್ತದೆ. ಲಾಭಕ್ಕಾಗಿ ಬಳಸದಿದ್ದಲ್ಲಿ ಸೆರೆವಾಸವನ್ನು ಕೈಬಿಡುವ ಅಧಿಕಾರ ನ್ಯಾಯಾಲಯಕ್ಕಿದೆ.

ಕನ್ನಡದ ಅಕ್ಷರಗಳೂ ಈ ನಿಯಮಕ್ಕೆ ಹೊರತಲ್ಲ. ‘ತುಂಗಾ’ ಫಾಂಟು ವಿಂಡೋಸಿನ ಜೊತೆಗೆ ಬರುವಂಥದು. ಅದನ್ನು ವಿಂಡೋಸ್ ಇಲ್ಲದ ಯಂತ್ರಕ್ಕೆ ನಕಲಿಸುವ ಹಕ್ಕು ಅದರೊಡನೆ ಬರುವುದಿಲ್ಲ. ‘ಲೋಹಿತ್ ಕನ್ನಡ’, ‘ನೋಟೋ ಸಾನ್ಸ್ ಕನ್ನಡ’ ಫಾಂಟುಗಳು ಮುಕ್ತ ಪರವಾನಗಿಯವು. ಯಾವ ಯಂತ್ರಕ್ಕೂ ಹಾಕಬಹುದು, ಹಂಚಬಹುದು. ಗ್ನೂ/ಲಿನಕ್ಸ್, ಲಿಬ್ರೆಆಫೀಸ್‌ಗಳೂ ಹಾಗೆಯೇ. ಇಲ್ಲಿ ಪರವಾನಗಿ ಯಂತ್ರಕ್ಕೂ ಅಂಟಿಲ್ಲ, ಸಂಸ್ಥೆಗೂ ಅಂಟಿಲ್ಲ; ಪುಸ್ತಕದಂತೆ ಕೈಯಿಂದ ಕೈಗೆ ಸಾಗುತ್ತದೆ. ಕೇರಳದ ಸರಕಾರಿ ಶಾಲೆಗಳ ಐ.ಟಿ. ಪಾಠಗಳು ಮುಕ್ತ ತಂತ್ರಾಂಶದಲ್ಲೇ ನಡೆಯುವುದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಇದು ಪರಿಚಿತವೇ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಉಚಿತ ಭದ್ರತಾ ಬೆಂಬಲ ನಿಂತಿದೆ. ವಿಂಡೋಸ್ 11 ಅನೇಕ ಹಳೆಯ ಯಂತ್ರಗಳನ್ನು ಒಪ್ಪುವುದಿಲ್ಲ. ಅಂಥವುಗಳಿಗೆ ಉಳಿದ ಆಯುಷ್ಯ ದೊರೆಯುವುದೂ ಈ ದಾರಿಯಿಂದಲೇ.

ಹಳೆಯ ಯಂತ್ರವನ್ನು ಸ್ವೀಕರಿಸುವ ಸಂಸ್ಥೆ ಮೂರು ಸಂಗತಿಗಳನ್ನು ಗಮನಿಸಬೇಕು. ದಾನಪತ್ರದಲ್ಲಿ ಯಂತ್ರದ ಕ್ರಮಸಂಖ್ಯೆಯೊಂದಿಗೆ ಪರವಾನಗಿಯ ಬಗೆಯೂ ನಮೂದಾಗಿರಬೇಕು. ಹಿಂದಿನವರ ಕಡತಗಳನ್ನೂ ವಾಲ್ಯೂಮ್ ತಂತ್ರಾಂಶಗಳನ್ನೂ ಹಾರ್ಡ್ ಡಿಸ್ಕಿನಿಂದ ಪೂರ್ತಿ ಅಳಿಸಬೇಕು. ಆಮೇಲೆ ಓಇಎಂ ಪರವಾನಗಿ ಇದ್ದರೆ ಅದೇ ಆವೃತ್ತಿಯನ್ನು, ಇಲ್ಲವಾದರೆ ಮುಕ್ತ ತಂತ್ರಾಂಶವನ್ನು ಅಳವಡಿಸಬೇಕು. ಇಷ್ಟು ಮಾಡಿದರೆ ದಾನವು ಪಡೆದವರಿಗೆ ಹೊರೆಯಾಗದು.